ತೊಂದೋನಿಯಾ: ಪೀಪಾಯಿಗಿಂತ ಮೊದಲು ತೋಟ

(ವಿಜಯಪುರದಲ್ಲಿ ದ್ರಾಕ್ಷಿ ಬೆಳೆಗಾರರು ಮತ್ತು ತೋಟಗಾರಿಕೆ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಹಿರಿಯರಿಗೂ ಬೆಳೆಗಾರ ಬಂಧುಗಳಿಗೂ ವಿದ್ಯಾರ್ಥಿ ಮಿತ್ರರಿಗೂ ನಮಸ್ಕಾರ.

ಇಲ್ಲಿಗೆ ಬರುವ ದಾರಿಯಲ್ಲಿ ಒಂದು ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡಿನ ಮುಂದೆ ಇಳಿದು ಹತ್ತು ನಿಮಿಷ ನಿಂತಿದ್ದೆ. ಬಲೆಯ ಅಟ್ಟಗಳ ಮೇಲೆ ಹರಡಿದ್ದ ಹಣ್ಣು ಇನ್ನೂ ಅರ್ಧ ಹಸಿರು, ಅರ್ಧ ಜೇನುಬಣ್ಣ. ಹಾಕಿ ಎಷ್ಟು ದಿನವಾಯಿತು ಎಂದು ಕೇಳಿದೆ. ಎಂಟು ದಿನವಾಯಿತು, ಇನ್ನೊಂದು ವಾರ ಬಿಟ್ಟು ಇಳಿಸುತ್ತೇವೆ ಎಂದರು ಅಲ್ಲಿದ್ದ ಯಜಮಾನರು. ಹದಿನೈದು ದಿನಗಳಲ್ಲಿ ಹಣ್ಣು ಸರಕಾಗುವ ಊರಿನಲ್ಲಿ ನಿಂತು, ಹಣ್ಣು ಸರಕಾಗಲು ಹತ್ತು ವರ್ಷ ಕಾಯುವ ಊರಿನ ಕಥೆಯನ್ನು ಇಂದು ಹೇಳಬೇಕಾಗಿದೆ.

ಆ ಊರಿನ ಹೆಸರು ಆರೊ. ಬರೆಯುವಾಗ ಅದರ ಮೊದಲಿಗೆ ಒಂದು ಹಕಾರ ಇರುತ್ತದೆ, ಆದರೆ ಸ್ಪೇನಿನವರು ಅದನ್ನು ಉಚ್ಚರಿಸುವುದಿಲ್ಲ. ಉತ್ತರ ಸ್ಪೇನಿನ ರಿಯೋಹಾ ಪ್ರದೇಶದಲ್ಲಿ, ಎಬ್ರೊ ನದಿಯ ದಂಡೆಗೆ ಹತ್ತಿರ ಇರುವ ಸಣ್ಣ ಊರು. ಅಲ್ಲಿ ಲೋಪೆಸ್ ದೆ ಎರೆದಿಯಾ ಎಂಬ ಮನೆತನ 1877ರಿಂದ ವೈನ್ ಮಾಡುತ್ತಿದೆ. ಅವರ ಮುಖ್ಯ ವೈನಿನ ಹೆಸರು ವಿನ್ಯಾ ತೊಂದೋನಿಯಾ. ‘ವಿನ್ಯಾ’ ಎಂದರೆ ದ್ರಾಕ್ಷಿ ತೋಟ. ತೊಂದೋನಿಯಾ ಆ ತೋಟದ ಹೆಸರು. ಅಂದರೆ ಬಾಟಲಿಯ ಮೇಲೆ ಬರೆದಿರುವುದು ಒಂದು ಹೊಲದ ಹೆಸರು. ಈ ಸಣ್ಣ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಇದಕ್ಕೆ ಮರಳಿ ಬರುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕುಡಿಯಿರಿ ಎಂದು ಹೇಳಲು ನಾನು ಬಂದಿಲ್ಲ. ಈ ಸಭೆಯಲ್ಲಿ ಇದನ್ನು ಎಂದೂ ಮುಟ್ಟದವರು, ಮುಟ್ಟಬಾರದು ಎಂದು ನಂಬಿದವರು ಅನೇಕರಿದ್ದೀರಿ. ಆ ನಿಲುವಿನ ಬಗ್ಗೆ ನನಗೆ ಗೌರವವಿದೆ. ದ್ರಾಕ್ಷಿ ಬೆಳೆಯುವವರ ಕಣ್ಣಿನಿಂದ ಈ ವೈನನ್ನು ನೋಡಬೇಕು ಎಂಬುದಷ್ಟೇ ನನ್ನ ಆಸೆ. ಏಕೆಂದರೆ ಇದರ ಬಗ್ಗೆ ಮಾತನಾಡುವವರೆಲ್ಲ ಓಕ್ ಮರದಿಂದ, ಅಂದರೆ ವೈನನ್ನು ಇಟ್ಟು ಬಲಿಸುವ ಪೀಪಾಯಿಯ ಮರದಿಂದ, ಆರಂಭಿಸುತ್ತಾರೆ. ಯಾವ ಮರ, ಎಷ್ಟು ವರ್ಷ, ಎಂಥ ಪೀಪಾಯಿ. ನಾನೂ ಬಹಳ ಕಾಲ ಹಾಗೆಯೇ ಮಾತನಾಡಿದೆ. ಈಗ ಹಾಗೆ ಅನ್ನಿಸುವುದಿಲ್ಲ. ಹೊಲದಲ್ಲಿ ಇಲ್ಲದ್ದನ್ನು ಮರ ಎಲ್ಲಿಂದ ತಂದೀತು? ಆದ್ದರಿಂದ ಮೊದಲು ತೋಟಕ್ಕೆ ಹೋಗೋಣ.

ಆರೊ ಊರಿನ ಬಳಿ ಎಬ್ರೊ ನದಿ ಹಾವಿನಂತೆ ಹೊರಳಿ ಹೊರಳಿ ಹರಿಯುತ್ತದೆ. ಅಂಥ ಒಂದು ತಿರುವಿನ ಒಳಗೆ, ಬಲದಂಡೆಯಲ್ಲಿ, ನದಿ ತಬ್ಬಿಕೊಂಡಂತೆ ಇರುವ ದಿಣ್ಣೆಯೇ ತೊಂದೋನಿಯಾ. ವಿಸ್ತೀರ್ಣ 100 ಹೆಕ್ಟೇರಿಗೂ ಹೆಚ್ಚು, ನಮ್ಮ ಲೆಕ್ಕದಲ್ಲಿ ಸುಮಾರು 250 ಎಕರೆ. ನದಿ ತಂದು ಹಾಕಿದ ಮೆಕ್ಕಲು, ಜೇಡಿ, ಜೊತೆಗೆ ಹೇರಳವಾದ ಸುಣ್ಣ. ಉತ್ತರಕ್ಕೆ ಸಿಯೆರ್ರಾ ದೆ ಕಾಂತಾಬ್ರಿಯಾ ಎಂಬ ಬೆಟ್ಟಸಾಲು ಗೋಡೆಯ ಹಾಗೆ ನಿಂತಿದೆ. ಅದರಾಚೆಗೆ ಅಟ್ಲಾಂಟಿಕ್ ಸಮುದ್ರದ ಮಳೆ, ತಣ್ಣನೆಯ ಗಾಳಿ. ಈಚೆಗೆ ಬಿಸಿಲು. ಬೆಟ್ಟ ಅಷ್ಟು ಗಾಳಿಯನ್ನು ತಡೆಯದೆ ಇದ್ದರೆ ಅಲ್ಲಿ ಕೆಂಪು ದ್ರಾಕ್ಷಿ ಹಣ್ಣಾಗುವುದೇ ಕಷ್ಟವಾಗುತ್ತಿತ್ತು. ಪೂರ್ತಿ ತಡೆದಿದ್ದರೆ ಹಣ್ಣಿನಲ್ಲಿ ಹುಳಿಯೇ ಉಳಿಯುತ್ತಿರಲಿಲ್ಲ. ಹತ್ತು ವರ್ಷ ಬಾಳಬೇಕಾದ ವೈನಿಗೆ ಸಿಹಿಗಿಂತ ಹುಳಿ ಮುಖ್ಯ. ಉಪ್ಪಿನಕಾಯಿ ಹಾಕುವ ಅಮ್ಮಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹುಳಿ ಸಾಲದ ಮಾವಿನಕಾಯಿಯನ್ನು ಅವರು ಜಾಡಿಗೆ ಹಾಕುವುದೇ ಇಲ್ಲ.

ಇನ್ನು ಬಳ್ಳಿ. ನೀವು ಚಪ್ಪರದ ಮೇಲೋ ವೈ ಆಕಾರದ ಕಂಬದ ಮೇಲೋ ಬಳ್ಳಿ ಹಬ್ಬಿಸುತ್ತೀರಿ. ರಿಯೋಹಾದ ಹಳೆಯ ತೋಟಗಳಲ್ಲಿ ಕಂಬವೂ ಇಲ್ಲ, ತಂತಿಯೂ ಇಲ್ಲ. ಬಳ್ಳಿ ಮೊಣಕಾಲೆತ್ತರದ ಕುಳ್ಳು ಗಿಡವಾಗಿ ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ನಾನು ಮೊದಲ ಸಲ ಹೋದದ್ದು ಜನವರಿಯಲ್ಲಿ. ಎಲೆ ಒಂದೂ ಇರಲಿಲ್ಲ. ಸಾಲುಸಾಲಾಗಿ ನಿಂತ ಕಪ್ಪು ಬೊಡ್ಡೆಗಳು. ನಮ್ಮ ಕಡೆಯ ರೈತನೊಬ್ಬ ನೋಡಿದರೆ ತೋಟ ಸತ್ತಿದೆ ಎನ್ನುತ್ತಿದ್ದ. ಅರವತ್ತು ದಾಟಿದ ಒಬ್ಬ ಕೆಲಸಗಾರ ಕತ್ತರಿ ಹಿಡಿದು ಚಾಟ್ನಿ, ಅಂದರೆ ಕಡ್ಡಿ ಸವರುವ ಕೆಲಸ, ಮಾಡುತ್ತಿದ್ದರು. ಪ್ರತಿ ಗಿಡದ ಮುಂದೆಯೂ ಕತ್ತರಿ ಹಾಕುವ ಮೊದಲು ಒಂದು ಕ್ಷಣ ಸುಮ್ಮನೆ ನಿಲ್ಲುತ್ತಿದ್ದರು. ಗಿಡಕ್ಕೆ ಮೂರು ತೋಳು. ತೋಳಿಗೆ ಎರಡು ಗಿಡ್ಡ ಕಡ್ಡಿ. ಕಡ್ಡಿಗೆ ಎರಡು ಕಣ್ಣು. ಒಟ್ಟು ಹನ್ನೆರಡು. ಆ ಗಿಡ್ಡ ಕಡ್ಡಿಯನ್ನು ಅವರ ಭಾಷೆಯಲ್ಲಿ ‘ಪುಲ್ಗಾರ್’ ಎನ್ನುತ್ತಾರೆ, ಎಂದರೆ ಹೆಬ್ಬೆರಳು. ನಾವು ಮೊಗ್ಗನ್ನು ಕಣ್ಣು ಎನ್ನುತ್ತೇವೆ, ಅವರು ಕಡ್ಡಿಯನ್ನು ಹೆಬ್ಬೆರಳು ಎನ್ನುತ್ತಾರೆ. ಗಿಡವನ್ನು ಮೈಯುಳ್ಳ ಜೀವವೆಂದು ಕಾಣುವ ಅಭ್ಯಾಸ ಎರಡೂ ಕಡೆ ಇದೆ ಎಂದು ಆ ಚಳಿಯಲ್ಲಿ ನಿಂತು ನನಗೆ ಬಹಳ ಸಂತೋಷವಾಯಿತು.

ಅಲ್ಲಿನ ಬಳ್ಳಿ ಚಳಿಗಾಲದಲ್ಲಿ ನಿದ್ದೆ ಮಾಡುತ್ತದೆ. ನಮ್ಮ ಬಳ್ಳಿಗೆ ನಿದ್ದೆಯೇ ಇಲ್ಲ. ಅದಕ್ಕಾಗಿಯೇ ನೀವು ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು, ಹೀಗೆ ಎರಡು ಚಾಟ್ನಿ ಮಾಡಿ ಒಂದು ಬೆಳೆ ತೆಗೆಯುತ್ತೀರಿ. ಅವರದು ಒಂದೇ ಚಾಟ್ನಿ, ಒಂದೇ ಬೆಳೆ. ಇಳುವರಿಗೂ ಕಟ್ಟುಪಾಡಿದೆ. ರಿಯೋಹಾ ಎಂಬ ಹೆಸರು ಹಾಕಬೇಕಾದರೆ ಕೆಂಪು ದ್ರಾಕ್ಷಿ ಹೆಕ್ಟೇರಿಗೆ 6,500 ಕಿಲೋ ಮೀರಬಾರದು. ಎಕರೆಗೆ ಎರಡೂವರೆ ಟನ್ನಿಗಿಂತ ತುಸು ಹೆಚ್ಚು. ಇದನ್ನು ಹೇಳಿದ ಕೂಡಲೇ ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರ ಹುಬ್ಬು ಮೇಲೇರಿದ್ದನ್ನು ನೋಡಿದೆ. ನಿಮ್ಮ ತೋಟಗಳಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ಬರುತ್ತದೆ. ಆದರೆ ಅವರಿಗೆ ಬೇಕಾದದ್ದು ಸಣ್ಣ ಹಣ್ಣು, ದಪ್ಪ ಸಿಪ್ಪೆ. ವೈನಿನ ಬಣ್ಣ, ಒಗರು, ಪರಿಮಳದ ಬಹುಪಾಲು ಇರುವುದು ಸಿಪ್ಪೆಯಲ್ಲಿ. ಹಣ್ಣು ಉಬ್ಬಿದಷ್ಟೂ ರಸಕ್ಕೆ ಸಿಪ್ಪೆಯ ಪಾಲು ತೆಳುವಾಗುತ್ತದೆ.

ತೊಂದೋನಿಯಾ ಕೆಂಪು ವೈನಿಗೆ ನಾಲ್ಕು ತಳಿಗಳು ಸೇರುತ್ತವೆ. ಮುಕ್ಕಾಲು ಪಾಲು ಟೆಂಪ್ರಾನಿಯೊ. ‘ತೆಂಪ್ರಾನೊ’ ಎಂದರೆ ಬೇಗ. ಉಳಿದ ತಳಿಗಳಿಗಿಂತ ಮೊದಲು ಹಣ್ಣಾಗುವುದರಿಂದ ಆ ಹೆಸರು. ಮೈತುಂಬಿಸಲು ಗಾರ್ನಾಚಾ. ಹುಳಿ ಮತ್ತು ಬಣ್ಣಕ್ಕೆ ಮಾಸುವೆಲೊ. ಇನ್ನು ಗ್ರಾಸಿಯಾನೊ. ತಡವಾಗಿ ಹಣ್ಣಾಗುತ್ತದೆ, ಕಡಿಮೆ ಫಲ ಕೊಡುತ್ತದೆ, ರೈತನಿಗೆ ತಾಪತ್ರಯ. ಆದರೂ ಅದನ್ನು ಬಿಡುವುದಿಲ್ಲ, ಏಕೆಂದರೆ ಹತ್ತು ವರ್ಷದ ನಂತರವೂ ವೈನಿನಲ್ಲಿ ಪರಿಮಳ ಉಳಿಯುವುದು ಇದರ ಬಲದಿಂದ.

ಈ ತೋಟವನ್ನು ನೆಟ್ಟದ್ದು 1913–14ರಲ್ಲಿ. ಮನೆತನ ವ್ಯಾಪಾರ ಆರಂಭಿಸಿ ಮೂರೂವರೆ ದಶಕಗಳಾದ ಮೇಲೆ. ಅಷ್ಟು ತಡವೇಕೆ ಎಂಬುದರ ಹಿಂದೆ ಒಂದು ಹುಳುವಿನ ಕಥೆಯಿದೆ.

1860ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ಬಳ್ಳಿಗಳು ಕಾರಣ ತಿಳಿಯದೆ ಒಣಗತೊಡಗಿದವು. ಅಮೆರಿಕದಿಂದ ತಂದ ಗಿಡಗಳ ಜೊತೆ ಬಂದ ಫಿಲೋಕ್ಸೆರಾ ಎಂಬ ಹೇನಿನಂಥ ಕೀಟ ಬೇರಿಗೆ ಹತ್ತಿ ರಸ ಹೀರುತ್ತಿತ್ತು. ತೋಟಗಳು ಮುಗಿದುಹೋದಾಗ ಬೋರ್ಡೊ ಪ್ರದೇಶದ ವ್ಯಾಪಾರಿಗಳು ವೈನ್ ಹುಡುಕಿಕೊಂಡು ಬೆಟ್ಟ ದಾಟಿ ರಿಯೋಹಾಕ್ಕೆ ಬಂದರು. ಆರೊ ಊರಿಗೆ 1863ರಲ್ಲೇ ರೈಲು ಬಂದಿತ್ತು. ಹಾಗಾಗಿ ನಿಲ್ದಾಣದ ಸುತ್ತಲೇ ವೈನ್ ಮನೆಗಳು ಎದ್ದವು. ಇಂದಿಗೂ ಆ ಬಡಾವಣೆಯ ಹೆಸರು ‘ನಿಲ್ದಾಣದ ಕೇರಿ’ ಎಂದೇ. ಲೋಪೆಸ್ ದೆ ಎರೆದಿಯಾ ಅಲ್ಲಿಯೇ ಇದೆ. 1879ರ ಕ್ಯೂನೆ, 1890ರ ಲಾ ರಿಯೋಹಾ ಆಲ್ತಾ ಅದರ ನೆರೆಮನೆಗಳು. ದುಡ್ಡು ಹೇಗೆ ಹರಿಯಿತೆಂದರೆ 1890ರಲ್ಲಿ ಆ ಪುಟ್ಟ ಊರಿನ ಬೀದಿಗೆ ವಿದ್ಯುತ್ ದೀಪ ಬಂತು. ಸ್ಪೇನಿನ ಎಷ್ಟೋ ದೊಡ್ಡ ಪಟ್ಟಣಗಳು ಆಗ ಕತ್ತಲಲ್ಲಿದ್ದವು. ‘ದೀಪ ಕಾಣಿಸಿತು, ಆರೊ ಬಂತು’ ಎಂಬ ಮಾತು ಅಲ್ಲಿನವರ ಬಾಯಲ್ಲಿ ಈಗಲೂ ಇದೆ.

ಆದರೆ ನೆರೆಯವನ ಮನೆ ಉರಿದಾಗ ಬಂದ ವ್ಯಾಪಾರ ಅದು. 1899ರಲ್ಲಿ ಅದೇ ಹುಳು ರಿಯೋಹಾಕ್ಕೂ ಬಂತು. ಫ್ರೆಂಚರು ಅಷ್ಟರಲ್ಲಿ ತಮ್ಮ ತೋಟಗಳನ್ನು ಮತ್ತೆ ಕಟ್ಟಿಕೊಂಡಿದ್ದರು. ರಿಯೋಹಾದ ಹಳ್ಳಿಗಳಲ್ಲಿ ಅಜ್ಜ ನೆಟ್ಟ ಬಳ್ಳಿಗಳನ್ನು ಮೊಮ್ಮಕ್ಕಳು ಕಿತ್ತು ಹಾಕಿದರು. ಪರಿಹಾರ ಒಂದೇ ಆಗಿತ್ತು: ಹುಳುವಿಗೆ ಬಗ್ಗದ ಅಮೆರಿಕದ ಕಾಡುದ್ರಾಕ್ಷಿಯ ಬೇರಿನ ಮೇಲೆ ಸ್ಪೇನಿನ ಬಳ್ಳಿಯನ್ನು ಕಸಿ ಕಟ್ಟುವುದು. ತೊಂದೋನಿಯಾ ಆ ಸಂಕಟದ ನಂತರ ನೆಟ್ಟ ತೋಟ.

ಕಸಿ ಎಂದ ಕೂಡಲೇ ನಿಮಗೆ ನಿಮ್ಮ ಡಾಗ್‌ರಿಡ್ಜ್ ನೆನಪಾಗಿರಬೇಕು. ಹೌದು, ಅದೂ ಅಮೆರಿಕದ ಟೆಕ್ಸಾಸ್ ಕಡೆಯ ಕಾಡುದ್ರಾಕ್ಷಿ. ನೀವು ಅದನ್ನು ನೆಟ್ಟು ಅದರ ಮೇಲೆ ಥಾಮ್ಸನ್ ತಳಿಯನ್ನು ಕಸಿ ಕಟ್ಟುವುದು ಹುಳುವಿನ ಭಯಕ್ಕಲ್ಲ, ಉಪ್ಪುನೀರಿಗೆ ಮತ್ತು ಬರಕ್ಕೆ. ಕಾರಣ ಬೇರೆ, ಉಪಾಯ ಒಂದೇ. ಎಬ್ರೊ ದಂಡೆಯ ಟೆಂಪ್ರಾನಿಯೊ ಬಳ್ಳಿಯೂ ಕೃಷ್ಣಾ ತೀರದ ಥಾಮ್ಸನ್ ಬಳ್ಳಿಯೂ ನೆಲದ ಕೆಳಗೆ ಒಂದೇ ಖಂಡದ ಬಂಧುಗಳು.

ಈಗ ಪೀಪಾಯಿಗೆ ಬರೋಣ. ಒಂದು ಪೀಪಾಯಿ 225 ಲೀಟರ್ ಹಿಡಿಯುತ್ತದೆ, ಅಂದರೆ 300 ಬಾಟಲಿ. ರಿಯೋಹಾ ಪ್ರದೇಶದಲ್ಲಿ ಇಂಥ ಪೀಪಾಯಿಗಳು ಹತ್ತು ಲಕ್ಷಕ್ಕೂ ಹೆಚ್ಚು ಇವೆ. ಆದರೆ ಇದು ಮೂಲತಃ ಅಲ್ಲಿನ ಪದ್ಧತಿಯಲ್ಲ. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಲಬಾಸ್ತಿದಾ ಎಂಬ ಊರಿನ ಮನುವೆಲ್ ಕಿಂತಾನೊ ಎಂಬ ಪಾದ್ರಿ ಬೋರ್ಡೊಗೆ ಹೋಗಿ, ಓಕ್ ಪೀಪಾಯಿಯಲ್ಲಿ ವೈನ್ ಬಲಿಸುವ ವಿದ್ಯೆ ಕಲಿತು ಬಂದರು. ಅವರ ವೈನ್ ಹಡಗು ಹತ್ತಿ ದೂರದ ದೇಶಕ್ಕೆ ಹೋದರೂ ಕೆಡಲಿಲ್ಲ. ಆದರೆ ಊರಿನಲ್ಲಿ ಕಟ್ಟುಪಾಡಿತ್ತು, ಯಾರ ವೈನಾದರೂ ಒಂದೇ ಬೆಲೆಗೆ ಮಾರಬೇಕು ಎಂದು. ಪೀಪಾಯಿಗೆ ಹಾಕಿದ ದುಡ್ಡು, ಕಾದ ವರ್ಷಗಳು, ಯಾವುದಕ್ಕೂ ಬೆಲೆ ಸಿಗಲಿಲ್ಲ. ವಿದ್ಯೆ ಅಲ್ಲಿಗೇ ನಿಂತಿತು. ಮತ್ತೆ ಚಿಗುರಿದ್ದು ಅರ್ಧ ಶತಮಾನದ ನಂತರ. ಲೂಸಿಯಾನೊ ಮುರ್ರಿಯೇತಾ ಅವರು 1852ರಲ್ಲಿ ಲೊಗ್ರೋನ್ಯೊದಿಂದ ಕ್ಯೂಬಾಕ್ಕೆ ವೈನ್ ಕಳಿಸಿದರು. 1858ರಲ್ಲಿ ಮಾರ್ಕೇಸ್ ದೆ ರಿಸ್ಕಾಲ್ ಮನೆ ಆರಂಭವಾಯಿತು. ಇವರಿಬ್ಬರ ಹೆಸರು ಎಲ್ಲ ಪುಸ್ತಕಗಳಲ್ಲಿದೆ. ನನಗೆ ಮಾತ್ರ ಕಿಂತಾನೊ ಹೆಚ್ಚು ಕಾಡುತ್ತಾರೆ. ಸರಿಯಾದ ವಸ್ತುವನ್ನು ಮಾಡಿಯೂ ದರದ ಕಟ್ಟುಪಾಡಿನಿಂದ ಸೋತ ಮನುಷ್ಯ. ಈ ಸಭೆಯಲ್ಲಿ ಕುಳಿತ ಅನೇಕರಿಗೆ ಅವರ ನೋವು ಅರ್ಥವಾಗುತ್ತದೆ.

ತೊಂದೋನಿಯಾ ಮನೆಯವರು ತಮ್ಮ ಪೀಪಾಯಿಗಳನ್ನು ತಾವೇ ಮಾಡುತ್ತಾರೆ, ತಾವೇ ದುರಸ್ತಿ ಮಾಡುತ್ತಾರೆ. ಮರ ಬರುವುದು ಅಮೆರಿಕದಿಂದ, ಬಿಳಿ ಓಕ್. ಸ್ಪೇನಿನ ಹಡಗುಗಳು ಅಟ್ಲಾಂಟಿಕ್ ದಾಟಿ ವ್ಯಾಪಾರ ಮಾಡುತ್ತಿದ್ದ ಕಾಲದಿಂದ ರಿಯೋಹಾಕ್ಕೆ ಈ ಮರದ ರೂಢಿ. ಈ ಮರಕ್ಕೆ ಒಂದು ವಿಶೇಷ ಗುಣವಿದೆ. ನೀರು ಸಾಗುವ ತನ್ನ ನಾಳಗಳನ್ನು ಅದು ವಯಸ್ಸಾದಂತೆ ತಾನೇ ಒಳಗಿನಿಂದ ಗುಳ್ಳೆಗಳಿಂದ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಗರಗಸದಿಂದ ಕೊಯ್ದರೂ ಹಲಗೆ ಸೋರುವುದಿಲ್ಲ. ಫ್ರೆಂಚ್ ಓಕ್ ಹಾಗಲ್ಲ. ಅದನ್ನು ನಾರಿನ ಗುಂಟ ಸೀಳಿಯೇ ಹಲಗೆ ಮಾಡಬೇಕು, ಮರದ ಬಹುಭಾಗ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೇ ಅದರ ಬೆಲೆ ಹೆಚ್ಚು.

ಹಲಗೆಗಳನ್ನು ಎರಡು ಮೂರು ವರ್ಷ ಬಯಲಿನಲ್ಲಿ ಪೇರಿಸಿಡುತ್ತಾರೆ. ಮಳೆ ಬಿಸಿಲಿಗೆ ಮರದ ಕಟು ಒಗರು ಇಳಿದು ಹೋಗಬೇಕು. ಆಮೇಲೆ ಒಂದು ಕಬ್ಬಿಣದ ಬಳೆಯೊಳಗೆ ಹಲಗೆಗಳನ್ನು ನಿಲ್ಲಿಸುತ್ತಾರೆ. ಮೇಲೆ ಬಿಗಿ, ಕೆಳಗೆ ಲಂಗದಂತೆ ಹರಡಿರುತ್ತದೆ. ನಡುವೆ ಓಕ್ ಚಕ್ಕೆಗಳದೇ ಸಣ್ಣ ಬೆಂಕಿ. ಹೊರಗಿನಿಂದ ನೀರು ಹೊಡೆಯುತ್ತ, ಒಳಗಿನಿಂದ ಕಾಯಿಸುತ್ತ, ಹಗ್ಗ ಬಿಗಿದು ಕೆಳತುದಿಗಳನ್ನು ಒಂದಕ್ಕೊಂದು ಸೇರಿಸುತ್ತಾರೆ. ಕಾದ ಮರ ಬಾಗುವಾಗ ನರಳಿದಂಥ ಸದ್ದು ಬರುತ್ತದೆ. ಹಲಗೆಗಳ ನಡುವೆ ಅಂಟಿಲ್ಲ, ಮೊಳೆಯಿಲ್ಲ. ಮುಚ್ಚಳದ ಸಂದುಗಳಿಗೆ ಕೆರೆಯ ಜೊಂಡಿನ ಒಣ ಎಲೆ ಇಡುತ್ತಾರೆ. ವೈನಿಗೆ ನೆನೆದು ಜೊಂಡು ಉಬ್ಬಿದರೆ ಹನಿ ಹೊರಗೆ ಬರುವುದಿಲ್ಲ.

ಆ ಬೆಂಕಿ ಮರವನ್ನು ಬಾಗಿಸುವುದಷ್ಟೇ ಅಲ್ಲ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತು ಶಾಖಕ್ಕೆ ಒಡೆದು ವೆನಿಲಿನ್ ಆಗುತ್ತದೆ. ಐಸ್‌ಕ್ರೀಮಿನಲ್ಲಿ ನಿಮಗೆ ಗೊತ್ತಿರುವ ಅದೇ ಪರಿಮಳ. ಯೂಜೆನಾಲ್ ಎಂಬುದಿದೆ, ನಿಮ್ಮ ಅಡುಗೆಮನೆಯ ಲವಂಗದಲ್ಲಿರುವುದೂ ಅದೇ. ಅಮೆರಿಕದ ಓಕ್‌ನಲ್ಲಿ ಲ್ಯಾಕ್ಟೋನ್ ಎಂಬ ಪರಿಮಳದ ಅಂಶ ಹೆಚ್ಚು. ಹೊಸ ಪೀಪಾಯಿಯೊಳಗೆ ಮೂಗು ಇಟ್ಟರೆ ಒಣಕೊಬ್ಬರಿ ಗಿಟುಕನ್ನು ಒಡೆದಾಗಿನ ವಾಸನೆ ಬರುತ್ತದೆ. ಯಾವ ಸ್ಪೇನಿನವರಿಗಿಂತಲೂ ಅದನ್ನು ತಿಪಟೂರಿನವರು ಬೇಗ ಗುರುತಿಸಿಯಾರು.

ಇಲ್ಲಿಯೇ ತಪ್ಪು ತಿಳಿವಳಿಕೆ ಹುಟ್ಟುವುದು. ಈ ಪರಿಮಳಕ್ಕಾಗಿಯೇ ಪೀಪಾಯಿ ಎಂದು ಬಹಳ ಜನ ನಂಬಿದ್ದಾರೆ. ನಾನೂ ಹಾಗೆ ನಂಬಿ ಏಮಾರಿದ್ದೇನೆ. ಕಲಿಯುತ್ತಿದ್ದ ದಿನಗಳಲ್ಲಿ ಒಂದು ಕಾರ್ಖಾನೆಯಲ್ಲಿ ಸ್ಟೀಲ್ ಟ್ಯಾಂಕಿಗೆ ಓಕ್ ಚಕ್ಕೆಗಳ ಚೀಲ ಇಳಿಬಿಟ್ಟು ವೈನ್ ಮಾಡಿದೆವು. ಎರಡೇ ವಾರದಲ್ಲಿ ವೆನಿಲಾ, ಕೊಬ್ಬರಿ, ಹೊಗೆ ಎಲ್ಲವೂ ಬಂತು. ನನಗೆ ಹಿಗ್ಗೋ ಹಿಗ್ಗು. ಮರುವರ್ಷ ಅದೇ ಬಾಟಲಿ ತೆರೆದಾಗ ಮರದ ಪುಡಿ ನೆನೆಸಿದ ನೀರಿನ ಹಾಗಿತ್ತು. ಹಣ್ಣು ಎಲ್ಲೂ ಇರಲಿಲ್ಲ. ಯುರೋಪಿನಲ್ಲಿ 2006ರಿಂದ ಚಕ್ಕೆ ಹಾಕಲು ಅನುಮತಿಯಿದೆ, ಆದರೆ ಹಾಗೆ ಮಾಡಿದ ವೈನನ್ನು ಪೀಪಾಯಿಯಲ್ಲಿ ಬಲಿತದ್ದು ಎಂದು ಬರೆಯುವಂತಿಲ್ಲ. ಆ ನಿಯಮ ನ್ಯಾಯವಾದದ್ದು.

ಪೀಪಾಯಿ ಮಾಡುವ ದೊಡ್ಡ ಕೆಲಸ ಉಸಿರಾಟ. ಮರದ ಮೂಲಕ, ಸಂದುಗಳ ಮೂಲಕ, ಬಹಳ ಮೆಲ್ಲಗೆ ಗಾಳಿ ಒಳಗೆ ಹೋಗುತ್ತದೆ. ವೈನ್ ತುಸುತುಸು ಆವಿಯಾಗಿ ಹೊರಗೆ ಹೋಗುತ್ತದೆ, ಖಾಲಿಯಾದಷ್ಟನ್ನು ಆಗಾಗ ತುಂಬುತ್ತಿರಬೇಕು. ಆ ಸ್ವಲ್ಪ ಗಾಳಿಯಿಂದ ಟ್ಯಾನಿನ್ ಎಂಬ ಒಗರಿನ ಕಣಗಳು ಒಂದಕ್ಕೊಂದು ಹೆಣೆದುಕೊಂಡು ದೊಡ್ಡವಾಗುತ್ತವೆ. ಮಲೆನಾಡಿನ ಅಡಿಕೆ ಚೊಗರನ್ನು ನಾಲಿಗೆಗೆ ಮುಟ್ಟಿಸಿದವರಿಗೆ ಟ್ಯಾನಿನ್ ಎಂದರೇನು ಎಂದು ಹೇಳಬೇಕಾಗಿಲ್ಲ, ಬಾಯಿ ಬಿಗಿದುಕೊಳ್ಳುತ್ತದೆ. ಹೊಸ ವೈನಿನಲ್ಲಿ ಅಂಥ ಒಗರು ಇರುತ್ತದೆ. ವರ್ಷಗಳು ಕಳೆದಂತೆ ಅದು ಮೆತ್ತಗಾಗುತ್ತದೆ. ನೇರಳೆಬಣ್ಣ ಹೋಗಿ ಮಾಣಿಕ್ಯದ ಕೆಂಪು, ಆಮೇಲೆ ಹೆಂಚಿನ ಕೆಂಪು ಬರುತ್ತದೆ. ಪೀಪಾಯಿ ಹಳೆಯದಾದಷ್ಟೂ ಮರದ ಪರಿಮಳ ಕೊಡುವುದು ಕಡಿಮೆ, ಉಸಿರಾಟ ಮಾತ್ರ ಉಳಿಯುತ್ತದೆ. ತೊಂದೋನಿಯಾದವರು ಹಳೆಯ ಪೀಪಾಯಿಗಳನ್ನು ಎಸೆಯದೆ ರಿಪೇರಿ ಮಾಡಿಸಿ ಮತ್ತೆ ಮತ್ತೆ ಬಳಸುವುದು ಇದಕ್ಕಾಗಿ. ಮರ ಮಾತನಾಡಬಾರದು, ಹೊಲ ಮಾತನಾಡಬೇಕು ಎಂಬುದು ಅವರ ಹಟ.

ಕಾನೂನಿನ ಪ್ರಕಾರ ರಿಸರ್ವಾ ಎಂಬ ದರ್ಜೆಯ ವೈನಿಗೆ ಒಟ್ಟು ಮೂರು ವರ್ಷ ಸಾಕು, ಅದರಲ್ಲಿ ಒಂದು ವರ್ಷ ಓಕ್‌ನಲ್ಲಿ. ತೊಂದೋನಿಯಾ ರಿಸರ್ವಾ ಆರು ವರ್ಷ ಪೀಪಾಯಿಯಲ್ಲಿರುತ್ತದೆ. ವರ್ಷಕ್ಕೆ ಎರಡು ಸಲ ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ತಿಳಿ ಇಳಿಸುತ್ತಾರೆ. ಆರೊ ಊರಿನ ಒಂದು ನೆಲಮಾಳಿಗೆಯಲ್ಲಿ ಈ ಕೆಲಸವನ್ನು ಹತ್ತಿರ ನಿಂತು ನೋಡಿದ್ದೇನೆ. ಒಳಗೆ ತಂಪು, ಗೋಡೆಯ ಮೇಲೆ ಕಪ್ಪು ಬೂಷ್ಟು. ಪಂಪು ಇಲ್ಲ. ಪೀಪಾಯಿಯ ಮುಂಬದಿಯ ಕೆಳಗಿನ ತೂತಿನಿಂದ ವೈನ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಕೆಲಸಗಾರನ ಒಂದು ಕೈಯಲ್ಲಿ ಗಾಜಿನ ಲೋಟ, ಪಕ್ಕದಲ್ಲಿ ಉರಿಯುವ ಮೇಣದಬತ್ತಿ. ಹರಿಯುವ ವೈನನ್ನು ಆಗಾಗ ಲೋಟಕ್ಕೆ ಹಿಡಿದು ಬತ್ತಿಯ ಮುಂದೆ ತರುತ್ತಾನೆ. ಕೆಂಪಿನೊಳಗೆ ಬತ್ತಿಯ ಕುಡಿ ಸ್ಪಷ್ಟವಾಗಿ ಕಾಣುತ್ತಿದ್ದರೆ ಹರಿಯಲು ಬಿಡುತ್ತಾನೆ. ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಒಮ್ಮೆ ಕುಡಿಯ ಸುತ್ತ ಕೂದಲೆಳೆಯಷ್ಟು ಮಸುಕು. ಅಷ್ಟೇ, ಕೈ ಮುಂದೆ ಹೋಗಿ ತೂತು ಮುಚ್ಚಿತು. ತಳದಲ್ಲಿ ಉಳಿದದ್ದು ಗಸಿ. ಆ ಎಳೆ ನನ್ನ ಕಣ್ಣಿಗೆ ಮೊದಲ ನಾಲ್ಕು ಸಲ ಕಾಣಲೇ ಇಲ್ಲ. ಆತ ನಕ್ಕು ಲೋಟವನ್ನು ನನ್ನ ಕೈಗೆ ಕೊಟ್ಟು, ಬತ್ತಿಯನ್ನು ತುಸು ಹತ್ತಿರ ಸರಿಸಿದ.

ಕೊನೆಗೆ ಕೋಳಿಮೊಟ್ಟೆಯ ಬಿಳಿಯನ್ನು ಹಾಕಿ ಇನ್ನಷ್ಟು ತಿಳಿಯಾಗಿಸುತ್ತಾರೆ. ಬಿಳಿ ಕಟು ಒಗರನ್ನು ಹಿಡಿದುಕೊಂಡು ತಳ ಸೇರುತ್ತದೆ. ಕಲಕಿದ ಬಾವಿನೀರಿಗೆ ಚಿಲ್ಲದ ಬೀಜ ತೇಯ್ದು ಬಿಡುತ್ತಿದ್ದ ನಮ್ಮ ಅಜ್ಜಿಯರ ವಿದ್ಯೆಯ ಹಾಗೆಯೇ. ತೊಂದೋನಿಯಾ ನೆಲಮಾಳಿಗೆಯಲ್ಲಿ ಜೇಡರ ಬಲೆಗಳನ್ನೂ ಗುಡಿಸುವುದಿಲ್ಲ. ಬಿರಡೆ ಕೊರೆಯುವ ಪತಂಗಗಳನ್ನು ಜೇಡಗಳು ತಿನ್ನುತ್ತವೆ.

ಇನ್ನು ನಾನು ಮೊದಲೇ ನೆನಪಿನಲ್ಲಿಡಿ ಎಂದ ಸಂಗತಿ. ರಿಯೋಹಾ 1925ರಲ್ಲಿ ತನ್ನ ಹೆಸರಿಗೆ ಕಾನೂನಿನ ರಕ್ಷಣೆ ಪಡೆಯಿತು. 1991ರಲ್ಲಿ ಸ್ಪೇನಿನಲ್ಲೇ ಮೊದಲಾಗಿ ಅತ್ಯುನ್ನತ ದರ್ಜೆ ಪಡೆಯಿತು. ಬಾಟಲಿಯ ಹಿಂದೆ ಕ್ರಿಯಾನ್ಸಾ, ರಿಸರ್ವಾ, ಗ್ರಾನ್ ರಿಸರ್ವಾ ಎಂಬ ಚೀಟಿಗಳು ಬಂದವು. ಎರಡು ವರ್ಷ, ಮೂರು ವರ್ಷ, ಐದು ವರ್ಷ. ಗಮನಿಸಿ, ಎಲ್ಲವೂ ಕಾಲದ ಲೆಕ್ಕ. ಹೊಲ ಯಾವುದು, ಊರು ಯಾವುದು, ಬಳ್ಳಿಗೆ ವಯಸ್ಸೆಷ್ಟು ಎಂಬ ಮಾತು ಅದರಲ್ಲಿ ಇಲ್ಲ. ದೊಡ್ಡ ಮನೆಗಳು ಹತ್ತಾರು ಹಳ್ಳಿಗಳ ಹಣ್ಣು ಕೊಂಡು ಬೆರೆಸಿ ಮಾಡುತ್ತಿದ್ದವು. ಬೆರೆಸುವುದು ತಪ್ಪಲ್ಲ, ಅದೊಂದು ಕಲೆ. ಆದರೆ ಬೆಟ್ಟದ ಬುಡದ ಎಂಬತ್ತು ವರ್ಷದ ಬಳ್ಳಿಯ ಹಣ್ಣಿಗೂ ಬಯಲಿನ ಎಳೆ ಬಳ್ಳಿಯ ಹಣ್ಣಿಗೂ ಹೆಚ್ಚುಕಡಿಮೆ ಒಂದೇ ಕಿಲೋ ದರ ಎಂದಾದಾಗ, ರೈತ ಹಳೆಯ ಬಳ್ಳಿಯನ್ನು ಏಕೆ ಉಳಿಸಿಕೊಳ್ಳಬೇಕು? ಕಿತ್ತು ಹಾಕಿದ. ಎಕರೆಗಟ್ಟಲೆ ಕಿತ್ತು ಹಾಕಿದ. ಪೀಪಾಯಿ ರಿಯೋಹಾಕ್ಕೆ ಕೀರ್ತಿ ತಂದಿತು, ಅದೇ ಪೀಪಾಯಿಯ ಹಿಂದೆ ಬೆಳೆಗಾರ ಮರೆಯಾದ. ನನಗೆ ಇದು ಆ ಪ್ರದೇಶದ ಇತಿಹಾಸದ ದೊಡ್ಡ ದುಃಖ.

ಇದಕ್ಕೆ ಪ್ರತಿಭಟನೆ ಬಂದದ್ದು ತಡವಾಗಿ. 2015ರ ಕೊನೆಯಲ್ಲಿ ಆರ್ತಾದ್ದಿ ಎಂಬ ಹೆಸರಾಂತ ಮನೆ ರಿಯೋಹಾ ಹೆಸರನ್ನೇ ಬಿಟ್ಟು ಹೊರನಡೆಯಿತು. 2017ರಲ್ಲಿ ನಿಯಂತ್ರಣ ಮಂಡಳಿ ‘ವಿನ್ಯೇದೊ ಸಿಂಗುಲಾರ್’ ಎಂಬ ಹೊಸ ದರ್ಜೆ ತಂದಿತು. ಒಂದೇ ತೋಟದ ಹಣ್ಣು, ಬಳ್ಳಿಗೆ ಕನಿಷ್ಠ 35 ವರ್ಷ, ಕೈಯಿಂದಲೇ ಕೊಯ್ಲು, ಇಳುವರಿ ಹೆಕ್ಟೇರಿಗೆ 5,000 ಕಿಲೋ ಮೀರಬಾರದು. ಹೊಲದ ಹೆಸರನ್ನು ಬಾಟಲಿಯ ಮೇಲೆ ಹಾಕಲು ಕಾನೂನೇ ದಾರಿ ಮಾಡಿತು. ತೊಂದೋನಿಯಾ ಮನೆಯವರು ಅದನ್ನು ನೂರು ವರ್ಷಗಳಿಂದ ಮಾಡುತ್ತಿದ್ದರು.

ರುಚಿ ಹೇಗಿದೆ ಎಂದು ಕೆಲವರ ಮುಖದಲ್ಲಿ ಪ್ರಶ್ನೆ ಕಾಣುತ್ತಿದೆ. ಹೇಳುತ್ತೇನೆ. ಲೋಟದ ಅಂಚಿನಲ್ಲಿ ಹೆಂಚಿನ ಬಣ್ಣ. ಮೊದಲು ಹಳೆಯ ಮರದ ಪೆಟ್ಟಿಗೆ ತೆರೆದ ವಾಸನೆ, ಒಣಗಿದ ಕಿತ್ತಳೆ ಸಿಪ್ಪೆ, ತೊಗಲು. ಅರ್ಧ ಗಂಟೆ ಬಿಟ್ಟರೆ ಹುಳಿಗೆಂಪು ಹಣ್ಣು ಮೆಲ್ಲಗೆ ಮೇಲೆ ಬರುತ್ತದೆ. ಸಿಹಿ ಇಲ್ಲ. ನಾಲಿಗೆಯ ಎರಡೂ ಬದಿಯಲ್ಲಿ ಮುರುಗಲಿನಂಥ ಹುಳಿ ನಿಲ್ಲುತ್ತದೆ. ಅದೇ ಎಬ್ರೊ ದಂಡೆಯ ಸುಣ್ಣದ ಮಣ್ಣು, ಬೆಟ್ಟದಾಚೆಯ ಗಾಳಿ.

ಸಭೆಯ ಕೊನೆಯಲ್ಲಿ ಹಿರಿಯ ಬೆಳೆಗಾರರೊಬ್ಬರು ಎದ್ದು ನಿಂತು, ‘ಆರು ವರ್ಷ ದುಡ್ಡು ಹಾಕಿ ಕೂರಲು ಯಾರಿಗೆ ಆಗುತ್ತದೆ ಸಾಹೇಬರೇ? ನಮಗೆ ಮಾರ್ಚ್‌ನಲ್ಲಿ ಸಾಲದ ಕಂತು ಬರುತ್ತದೆ’ ಎಂದರು. ಸರಿಯಾದ ಪ್ರಶ್ನೆ. ಆ ಮನೆಯವರೂ ಎಲ್ಲವನ್ನೂ ಕಾಯಿಸುವುದಿಲ್ಲ. ಕುಬಿಯೊ ಎಂಬ ಇನ್ನೊಂದು ವೈನನ್ನು ಮೂರು ವರ್ಷ ಪೀಪಾಯಿಯಲ್ಲಿಟ್ಟು ಬೇಗ ಮಾರುತ್ತಾರೆ. ರಿಯೋಹಾದ ಹಳ್ಳಿಗಳಲ್ಲಿ ಸಣ್ಣ ರೈತರು ಇಡೀ ಗೊಂಚಲನ್ನೇ ಹುದುಗಿಸಿ, ಮರ ಮುಟ್ಟಿಸದೆ, ಕೆಲವೇ ತಿಂಗಳಲ್ಲಿ ಮಾರುವ ವೈನ್ ಕೂಡ ಇದೆ. ಅದೂ ಒಳ್ಳೆಯದೇ. ಕಾಯುವ ವೈನಿಗೆ ಕಾಯದ ವೈನ್ ಊಟ ಹಾಕಬೇಕು.

ಇಲ್ಲಿ ಇದು ಸಾಧ್ಯವೇ ಎಂದು ಇನ್ನೊಬ್ಬರು ಕೇಳಿದರು. ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಎಂಬ ವೈನ್ ಮನೆಯವರು ಓಕ್‌ನಲ್ಲಿ ಬಲಿಸಿದ ಲಾ ರಿಸರ್ವ್ ಎಂಬ ಕೆಂಪು ವೈನನ್ನು ಬಹಳ ವರ್ಷಗಳಿಂದ ಮಾಡುತ್ತಿದ್ದಾರೆ. ಆದ್ದರಿಂದ ಸಾಧ್ಯ. ನಮ್ಮ ಶಾಖಕ್ಕೆ ನೆಲಮಾಳಿಗೆಯನ್ನು ತಂಪಾಗಿಡುವ ಖರ್ಚು ಹೆಚ್ಚು. ಆದರೆ ನಾನು ಪೀಪಾಯಿ ಕೊಳ್ಳುವ ಮೊದಲು ಹಣ್ಣಿನ ಹುಳಿ ಅಳೆಯುತ್ತೇನೆ ಎಂದೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿನಿಯದು. ‘ಸರ್, ಈ ವರ್ಷ ಆ ತೋಟದಲ್ಲಿ ಒಂದು ಸಸಿ ನೆಟ್ಟರೆ ಅದರ ವೈನ್ ಯಾವಾಗ ಸಿಗುತ್ತದೆ?’ ಬೋರ್ಡಿನ ಮೇಲೆ ಇಬ್ಬರೂ ಕೂಡಿ ಲೆಕ್ಕ ಹಾಕಿದೆವು. ಬಳ್ಳಿ ನೆಲಕ್ಕೆ ಹೊಂದಿಕೊಂಡು ಗಟ್ಟಿ ಹಣ್ಣು ಕೊಡಲು ಹತ್ತು ವರ್ಷ ಹಿಡಿಯೋಣ. ಪೀಪಾಯಿಯಲ್ಲಿ ಆರು. ಬಾಟಲಿಯಲ್ಲಿ ನಾಲ್ಕು. ಆಕೆ ಕೂಡಿಸಿ, ತನ್ನ ವಯಸ್ಸನ್ನು ಅದರ ಕೆಳಗೆ ಬರೆದುಕೊಂಡು, ‘ಆಗ ನನಗೆ ನಲವತ್ತೊಂದು’ ಎಂದಳು.